ಮೇ ತಿಂಗಳ ಮಂಕಿ ಕ್ಯಾಪ್

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಮನೆಯ ಕ್ಯಾಲೆಂಡರ್ ನೋಡಿದ ಕೆಲವರು "ಇಷ್ಟೊಂದು ಫೋಟೋದಲ್ಲಿ ಹನ್ನೆರಡನ್ನೇ ಹೇಗೆ ಆರಿಸಿದಿರಿ?" ಎಂದು ಕೇಳಿದ್ದರಿಂದ ಇವತ್ತಿನ ಮಾತು. ಗೋಡೆಯ ಮೇಲೆ ಕಾಲನಿರ್ಣಯ ಇದ್ದೇ ಇದೆ. ಏಕಾದಶಿ, ಸಂಕಷ್ಟಿ ಎಲ್ಲ ಅದರಲ್ಲೇ ನೋಡುತ್ತೇವೆ. ನಮ್ಮದು ಅದರ ಪಕ್ಕದ ಮೊಳೆಗೆ. ಪುಣೆ, ಧಾರವಾಡ, ಬೆಂಗಳೂರು ಅಂತ ಹರಡಿಕೊಂಡಿರುವ ಮನೆಯವರಿಗೆಲ್ಲ ಒಂದೊಂದು ಪ್ರತಿ.

ನಮ್ಮ ಮನೆಯವರಿಗೆ ಕಾಡಿನ ಹುಚ್ಚು. ತಾಡೋಬಾ, ನಾಗರಹೊಳೆ, ಅಣಶಿ, ಒಮ್ಮೆ ದೂರದ ಕಾಜಿರಂಗ. ಹಾಗಾಗಿ ರಾಷ್ಟ್ರೀಯ ಉದ್ಯಾನಗಳ ಫೋಟೋಗಳೇ ಇರಲಿ ಎಂದು ತೀರ್ಮಾನವಾಯಿತು. ಎಲ್ಲರ ಫೋನು, ಕ್ಯಾಮೆರಾ ಖಾಲಿ ಮಾಡಿದಾಗ ಸಾವಿರಕ್ಕೂ ಮೇಲಾಯಿತು.

ಮೊದಲು ಅಳತೆಯ ವಿಷಯ ಮುಗಿಸಿಬಿಡುತ್ತೇನೆ. ನಮ್ಮದು ಎ3 ಹಾಳೆ. ಮೇಲರ್ಧ ಚಿತ್ರ, ಕೆಳಗರ್ಧ ತಾರೀಖು. ಅಂದರೆ ಚಿತ್ರಕ್ಕೆ ಅಡ್ಡ ಎ4 ಜಾಗ. ಅಚ್ಚು ಚೆನ್ನಾಗಿ ಬರಬೇಕಾದರೆ ಇಂಚಿಗೆ 300 ಚುಕ್ಕೆ ಬೇಕು, ಅಂದರೆ ಉದ್ದಕ್ಕೆ ಸುಮಾರು 3500, ಎತ್ತರಕ್ಕೆ 2480 ಪಿಕ್ಸೆಲ್. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದ ಫೋಟೋ ಕುಗ್ಗಿ 1600ರ ಆಸುಪಾಸಿಗೆ ಬಂದುಬಿಡುತ್ತದೆ. ಅದು ಐದು ಇಂಚಿಗೆ ಸಾಕು, ಗೋಡೆಗೆ ಸಾಲದು. "ಡಾಕ್ಯುಮೆಂಟ್ ಮಾಡಿ ಕಳಿಸಿ" ಎಂದು ಎಲ್ಲರ ಬೆನ್ನು ಹತ್ತಬೇಕು. ಕಾಡಿನ ಫೋಟೋ ಪರದೆಯ ಮೇಲೆ ಕಂಡದ್ದಕ್ಕಿಂತ ಕಾಗದದಲ್ಲಿ ಕಪ್ಪಾಗುತ್ತದೆ. ಅಚ್ಚಿಗೆ ಕೊಡುವ ಮುಂಚೆ ಸ್ವಲ್ಪ ಬೆಳಕು ಹೆಚ್ಚಿಸಿಕೊಳ್ಳಿ. ಹೊಳೆಯುವ ಕಾಗದ ಬೇಡ, ಟ್ಯೂಬ್‌ಲೈಟ್ ಅದರಲ್ಲೇ ಕೂತಿರುತ್ತದೆ.

ಇನ್ನು ಆಯ್ಕೆ. ನಮ್ಮ ಯಜಮಾನರಿಗೆ ಹನ್ನೆರಡೂ ತಿಂಗಳು ಹುಲಿ ಬೇಕು. ಅವರ ಪ್ರೀತಿಯ ಒಂದು ಫೋಟೋ ಇದೆ. ಬಿದಿರು ಮೆಳೆ, ಅದರ ಹಿಂದೆ ಒಂದು ಕಿವಿ. "ಹುಲಿ ಎಲ್ಲಿ?" ಎಂದು ನಾದಿನಿ ಕೇಳಿದರು. ಬೆರಳಿಟ್ಟು ತೋರಿಸಬೇಕಾಯಿತು. ಮೂವತ್ತು ದಿನ ಕಣ್ಣೆದುರು ಇರುವ ಚಿತ್ರಕ್ಕೆ ಬೆರಳಿಟ್ಟು ತೋರಿಸುವ ಕೆಲಸ ಇರಬಾರದು ಎಂದು ನಾನು ಅದನ್ನು ತೆಗೆದೆ. ಎರಡು ದಿನ ಮಾತು ಕಡಿಮೆಯಿತ್ತು, ಆಮೇಲೆ ಸರಿಹೋಯಿತು.

ತಿಂಗಳಿಗೆ ಹೊಂದಿಸುವುದೇ ನನಗೆ ಬಹಳ ಇಷ್ಟವಾದ ಕೆಲಸ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ದಂಡೆಯಲ್ಲಿ ಹುಲ್ಲು ಚಿಗುರಿದಾಗ ಆನೆಗಳು ಹಿಂಡಾಗಿ ಬರುತ್ತವೆ. ಏಪ್ರಿಲ್‌ಗೆ ಅದು. ಚಳಿಗಾಲಕ್ಕೆ ಕಾಜಿರಂಗದ ಘೇಂಡಾಮೃಗ. ತೊಡಕು ಬಂದದ್ದು ಮಳೆಗಾಲಕ್ಕೆ. ತಾಡೋಬಾದ ಒಳಕಾಡು ಜುಲೈಯಿಂದ ಸೆಪ್ಟೆಂಬರ್ ತನಕ ಮುಚ್ಚಿರುತ್ತದೆ, ಕಾಜಿರಂಗವೂ ಮುಚ್ಚಿರುತ್ತದೆ. ಜುಲೈಗೆ ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನ ಸಿಕ್ಕಿತು. ಕಾನ್ಹೇರಿ ಗುಹೆಗಳ ಕಲ್ಲುಮೆಟ್ಟಿಲ ಮೇಲೆ ನೀರು ಹರಿಯುತ್ತಿದೆ, ಮಗಳು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಮುಂಬಯಿಯವರು ಲೋಕಲ್ ಟ್ರೇನಿನಲ್ಲಿ ಹೋಗಿಬರಬಹುದಾದ ರಾಷ್ಟ್ರೀಯ ಉದ್ಯಾನ ಅದು! ಆಗಸ್ಟ್‌ಗೆ ನಾದಿನಿ ಉತ್ತರಾಖಂಡದ ಹೂಕಣಿವೆಯ ಚಿತ್ರ ಕೊಟ್ಟರು. ಅಲ್ಲಿ ಹೂವಿನ ಕಾಲವೇ ಅದು.

ಮಗಳಿಗೆ ಹದಿನಾಲ್ಕು. ಹಲ್ಲಿಗೆ ತಂತಿ ಹಾಕಿದ ವರ್ಷದ ಯಾವ ಚಿತ್ರವೂ ಬೇಡ ಎಂದಳು. ಹಾಗಾಗಿ ಪ್ರತಿಯೊಬ್ಬರಿಗೂ ತಮ್ಮ ಚಿತ್ರವೊಂದನ್ನು ಬೇಡ ಅನ್ನುವ ಹಕ್ಕು ಕೊಟ್ಟೆವು, ಕಾರಣ ಕೇಳುವ ಹಾಗಿಲ್ಲ. ಜಗಳ ಅರ್ಧಕ್ಕರ್ಧ ಇಳಿಯಿತು.

ಉಳಿದದ್ದು ಒಂದೇ ಫೋಟೋದ ಮಾತು. ಅದು ನಮ್ಮ ಮಾವನವರದು.

ಅವರು ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದವರು. ದಾಂಡೇಲಿ, ಅಣಶಿ ಕಡೆ ಹೋದರೆ ಮಕ್ಕಳನ್ನು ಕರೆದು ಮತ್ತಿ ಮರದ ತೊಗಟೆ ಮುಟ್ಟಿಸೋರು, "ಮೊಸಳಿ ಚರ್ಮ ಇದ್ಧಂಗ ಅದ ನೋಡ್ರಿ" ಅಂತ. ತಾಡೋಬಾಕ್ಕೆ ಬಂದಾಗ 74 ವರ್ಷ. ಅಲ್ಲಿ ಸಫಾರಿಗೆ ಮೊಬೈಲ್ ಒಯ್ಯಲು ಬಿಡುವುದಿಲ್ಲ, ನನ್ನ ಕೈಯಲ್ಲಿ ಹಳೇ ಡಿಜಿಟಲ್ ಕ್ಯಾಮೆರಾ ಇತ್ತು. ಜನವರಿಯ ಬೆಳಗಿನ ಕೊರೆಯುವ ಚಳಿ. ಅವರು ಮಂಕಿ ಕ್ಯಾಪ್ ಹಾಕಿಕೊಂಡು ಜಿಪ್ಸಿಯ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಅಲ್ಲಿಯೂ ಕಂಡ ಮತ್ತಿ ಮರ ತೋರಿಸುತ್ತಾ, ಇದಕ್ಕೆ ಮರಾಠಿಯಲ್ಲಿ ಐನ್ ಅಂತಾರೆ ಎಂದು ಹೇಳುತ್ತಿದ್ದಾರೆ. ಬಾಯಿ ತೆರೆದಿದೆ. ಎತ್ತಿದ ಕೈ ಅಲುಗಿ ಮಸುಕಾಗಿದೆ. ಆ ಪ್ರವಾಸದಲ್ಲಿ ಹುಲಿ ಕಾಣಲಿಲ್ಲ. ಅವರಿಗೆ ಅದರ ಬೇಸರವೇನೂ ಇರಲಿಲ್ಲ.

ಕ್ಯಾಲೆಂಡರ್ ಮಾಡುವ ಹಿಂದಿನ ವರ್ಷ ಕಾರ್ತೀಕದಲ್ಲಿ ಅವರು ಹೋದರು.

ಭಾವನವರು ಬೇಡ ಎಂದರು. ಹೋದವರ ಫೋಟೋ ಹಾರ ಹಾಕಿ ಗೋಡೆಯ ಮೇಲಿರಬೇಕು, ಕ್ಯಾಲೆಂಡರಿನ ಹಾಳೆ ಮಡಚುತ್ತೇವೆ, ಹರಿಯುತ್ತೇವೆ, ವರ್ಷ ಮುಗಿದರೆ ರದ್ದಿಗೆ ಹಾಕುತ್ತೇವೆ, ಅಪ್ಪನನ್ನು ರದ್ದಿಗೆ ಹಾಕುವುದೇ ಎಂದರು. ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ನಾದಿನಿ ಫೋನಿನಲ್ಲೇ ಅತ್ತರು. ಅಪ್ಪ ಇಲ್ಲದ ಕಾಡು ನನಗೆ ಬೇಡ ಎಂದರು. ನಾನು ಸೊಸೆ. ಎರಡೂ ಕಡೆ ಸೇರಲಾರದೆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಧಾರವಾಡಕ್ಕೆ ಒಯ್ದು ಅತ್ತೆಯವರ ಮುಂದಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಹಾರ ಹಾಕಿದ್ದು ಒಳಗ ಅದಲ್ಲ, ಅದಕ್ಕ ದಿನಾ ಕೈ ಮುಗೀತೀನಿ. ಇದು ಮಾತಾಡೂ ಫೋಟೋ. ಇದು ಅಡಗಿಮನ್ಯಾಗ ಇರ್ಲಿ" ಎಂದರು. ರದ್ದಿಯ ಮಾತು ತೆಗೆದಾಗ, "ಹಾಳಿ ನನ್ನ ಕೈಯಾಗ ಇರ್ತದಲ್ಲ, ನಾ ನೋಡ್ಕೋತೀನಿ ತಗೋ" ಎಂದರು. ಭಾವನವರು ಮುಂದೆ ಮಾತಾಡಲಿಲ್ಲ.

ಯಾವ ತಿಂಗಳಿಗೆ? ಜನವರಿಯ ಚಿತ್ರ, ಜನವರಿಗೇ ಎಂದುಕೊಂಡಿದ್ದೆ. ಅತ್ತೆಯವರು ಒಪ್ಪಲಿಲ್ಲ. "ಮೇ ಹಾಕು. ಸೂಟಿಗೆ ಹುಡುಗರೆಲ್ಲಾ ಬರ್ತಾರ. ಅವಾಗ ಇರ್ಲಿ ಅವರು."

ಪ್ರೆಸ್ಸಿನ ಹುಡುಗ ಎರಡು ಸಲ ಫೋನ್ ಮಾಡಿದ. ಒಮ್ಮೆ ಕೈ ಮಸುಕಾಗಿದೆ, ಬೇರೆ ಫೋಟೋ ಕೊಡಿ ಎನ್ನಲು. ಇನ್ನೊಮ್ಮೆ, ಮೇಡಂ, ಮೇ ತಿಂಗಳಿಗೆ ಮಂಕಿ ಕ್ಯಾಪ್ ಬಂದಿದೆ, ಅದಲುಬದಲಾಗಿದೆಯಾ ಎನ್ನಲು. ಎರಡಕ್ಕೂ ಹಾಗೇ ಇರಲಿ ಎಂದೆ.

ಹೋದ ಮೇನಲ್ಲಿ ಮಕ್ಕಳೊಡನೆ ಧಾರವಾಡಕ್ಕೆ ಹೋದಾಗ ನೋಡಿದೆ. ತಾರೀಖಿನ ಮನೆಗಳಲ್ಲಿ ಅತ್ತೆಯವರ ಅಕ್ಷರ: ಗ್ಯಾಸ್ ಬಂತು, ಕೆಲಸದಾಕಿ ಬಂದಿಲ್ಲ, ಹಾಲು ಅರ್ಧ ಲೀಟರ್ ಹೆಚ್ಚು. ಅದಕ್ಕೇ ಹೇಳುತ್ತೇನೆ, ಚಿತ್ರದ ಆಸೆಗೆ ತಾರೀಖಿನ ಮನೆಗಳನ್ನು ಚಿಕ್ಕದು ಮಾಡಬೇಡಿ, ಬರೆಯಲು ಜಾಗ ಬೇಕು.

ದೀಪಾವಳಿ ಮುಗಿದ ಮೇಲೆ ಪ್ರೆಸ್ಸುಗಳಲ್ಲಿ ನೂಕುನುಗ್ಗಲು. ಮಾಡಿಸುವವರು ದಸರೆಯಲ್ಲೇ ಫೋಟೋ ಕೂಡಿಸಲು ಶುರುಮಾಡಿ. ಪಿಕ್ಸೆಲ್ ಲೆಕ್ಕ ತಿಳಿಯದಿದ್ದರೆ ಚಹಾದ ಹೊತ್ತಿಗೆ ಕೇಳಿ, ಹೇಳುತ್ತೇನೆ.