ಮುಖವಿಲ್ಲದ ಸ್ಮಾರಕ

ಬಾಸ್ಟನ್ ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದ ಮುಂದಿನ ಅಂಗಳದಲ್ಲಿ 50 ಲೋಹದ ಪಾರಿವಾಳಗಳು ಒಂದಕ್ಕೊಂದು ಒತ್ತಿಕೊಂಡು ಮೇಲಕ್ಕೆ ಹಾರುತ್ತಿವೆ. ಅಮೆರಿಕದ ರಾಜ್ಯಕ್ಕೊಂದರಂತೆ. 1975ರಲ್ಲಿ ಶಿಲ್ಪಿ ಸರ್ಜಿಯೊ ಕ್ಯಾಸ್ಟಿಲೊ ಇದನ್ನು ರೂಪಿಸಿದ್ದು ಇಲ್ಲೇ ಓದಿದ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ನೆನಪಿಗೆ. ವಿಶೇಷವೆಂದರೆ, ಅದರಲ್ಲಿ ಕಿಂಗ್ ಅವರ ಮುಖವೇ ಇಲ್ಲ. ಹಾರ ಹಾಕಿ, ಫೋಟೊ ತೆಗೆಸಿಕೊಂಡು ಹೊರಡುವ ಗಣ್ಯರಿಗೆ ಕೊಂಚ ಕಷ್ಟವೇ!

1955ರಲ್ಲಿ ಕಿಂಗ್ ಇಲ್ಲಿ ದೇವತಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಗ ಆ ಮಂದಿರದ ಡೀನ್ ಆಗಿದ್ದವರು ಹೊವಾರ್ಡ್ ಥರ್ಮನ್. ಭಾರತಕ್ಕೆ ಬಂದು 1936ರಲ್ಲಿ ಗಾಂಧೀಜಿಯೊಡನೆ ಅಹಿಂಸೆಯ ಕುರಿತು ಮಾತನಾಡಿ ಹೋಗಿದ್ದವರು. ಪದವಿ ಸಿಕ್ಕ ವರ್ಷದ ಡಿಸೆಂಬರಿನಲ್ಲೇ, ವರ್ಣಭೇದದ ವಿರುದ್ಧ ಕಿಂಗ್ ಅಹಿಂಸೆಯ ದಾರಿಯಲ್ಲಿ ಮುನ್ನಡೆಸಿದ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ಶುರುವಾಯಿತು.

1964ರಲ್ಲಿ ಕಿಂಗ್ ತಮ್ಮ ಪತ್ರ, ಹಸ್ತಪ್ರತಿಗಳನ್ನು ಈ ವಿಶ್ವವಿದ್ಯಾಲಯದ ವಶಕ್ಕೆ ಕೊಟ್ಟರು. ಅವರ ಹತ್ಯೆಯಾಗಿ ಎಷ್ಟೋ ವರ್ಷಗಳ ನಂತರ, ಅವು ಕಿಂಗ್ ಹುಟ್ಟೂರಾದ ಅಟ್ಲಾಂಟಾಕ್ಕೆ ಮರಳಬೇಕೆಂದು ಪತ್ನಿ ಕೊರೆಟ್ಟಾ ಮೊಕದ್ದಮೆ ಹೂಡಿದರು. ತೀರ್ಪು ವಿಶ್ವವಿದ್ಯಾಲಯದ ಪರವಾಯಿತು.

ಇನ್ನೂ ಇಕ್ಕಟ್ಟಿನ ಪ್ರಸಂಗ 1991ರದು. ಕಿಂಗ್ ಅವರ ಮಹಾಪ್ರಬಂಧದ ಕೆಲವು ಭಾಗಗಳು ಆಕರ ಹೇಳದೆ ಎತ್ತಿಕೊಂಡವು ಎಂದು ವಿಶ್ವವಿದ್ಯಾಲಯದ್ದೇ ಸಮಿತಿ ವರದಿ ಕೊಟ್ಟಿತು. ಅಂಗಳದಲ್ಲಿ ಸ್ಮಾರಕ ನಿಲ್ಲಿಸಿದ ಸಂಸ್ಥೆಗೆ ಇದು ನುಂಗಲಾರದ ತುತ್ತು. ಆದರೂ ಮುಚ್ಚಿಡಲಿಲ್ಲ. ಪದವಿ ಹಿಂಪಡೆಯುವುದು ಬೇಡವೆಂದ ಸಮಿತಿ, ಗ್ರಂಥಾಲಯದ ಪ್ರತಿಗೆ ತನ್ನ ತೀರ್ಮಾನ ತಿಳಿಸುವ ಪತ್ರವೊಂದನ್ನು ಲಗತ್ತಿಸುವಂತೆ ಹೇಳಿತು.