ಎರಡು ಪದವಿ: ಒಂದೇ ಕಟ್ಟಿನಲ್ಲೋ, ಬೇರೆಬೇರೆಯೋ?

(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇತ್ತೀಚೆಗೆ ತಂದೆಯೊಬ್ಬರು ಪಿಯುಸಿ ಮುಗಿಸಿದ ಮಗಳೊಂದಿಗೆ ನನ್ನ ಬಳಿ ಬಂದಿದ್ದರು. ಮಗಳಿಗೆ ಸಮಾಜ ಕಾರ್ಯವೂ ಬೇಕು, ಕಾನೂನೂ ಬೇಕು. ತಲಾಕ್, ಜೀವನಾಂಶ, ವಾರೀಸು ತಕರಾರುಗಳು ಜಮಾಅತ್‌ನ ಮುಂದೆ ಬಂದಾಗ ಹೆಣ್ಣಿನ ಅಳಲನ್ನು ಕೇಳಲು ಅಲ್ಲಿ ಹೆಣ್ಣೊಬ್ಬಳೂ ಇರುವುದಿಲ್ಲವೆಂಬುದು ಅವಳ ಆಕ್ಷೇಪ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯ ಪ್ರಶ್ನೆ ಬೇರೆಯೇ ಆಗಿತ್ತು: “ಮೌಲಾನಾ, ಎರಡನ್ನೂ ಒಟ್ಟಿಗೆ ಮುಗಿಸುವ ದಾರಿ ಇಲ್ಲವೇ?”

2022ರಲ್ಲಿ ಯುಜಿಸಿಯು ಏಕಕಾಲದಲ್ಲಿ ಎರಡು ಪದವಿಗಳ ವ್ಯಾಸಂಗಕ್ಕೆ ಅನುಮತಿ ನೀಡಿತು. ಆದ್ದರಿಂದ ಎಂ.ಎಸ್.ಡಬ್ಲ್ಯು. ಮತ್ತು ಎಲ್‌ಎಲ್.ಬಿ.ಯನ್ನು ಜೊತೆಯಾಗಿ ಓದಬಹುದೆಂದು ಅನೇಕರು ಭಾವಿಸಿದ್ದಾರೆ. ಇದು ತಪ್ಪು ಗ್ರಹಿಕೆ. ಕಾನೂನು ಶಿಕ್ಷಣವು ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಿಗೆ ಒಳಪಟ್ಟಿದೆ. ಎಲ್‌ಎಲ್.ಬಿ. ಓದುತ್ತಲೇ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವುದನ್ನು ಅವು ನಿಷೇಧಿಸುತ್ತವೆ. ಕದ್ದುಮುಚ್ಚಿ ಓದಿದರೆ ನಾಳೆ ಸನ್ನದು ಪಡೆಯುವಾಗ ತೊಡಕಾದೀತು. ಅಲ್ಲದೆ, ಸಮಾಜ ಕಾರ್ಯವು ಪುಸ್ತಕದ ವಿದ್ಯೆಯಲ್ಲ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಕೊಳೆಗೇರಿ, ಬಾಲಮಂದಿರಗಳಲ್ಲಿ ಕ್ಷೇತ್ರಕಾರ್ಯವಿರುತ್ತದೆ.

ಉಳಿದಿರುವುದು ಪಿಯುಸಿ ನಂತರದ ಐದು ವರ್ಷಗಳ ಬಿ.ಎ., ಎಲ್‌ಎಲ್.ಬಿ. ಅದರ ಮೇಲೆ ಎರಡು ವರ್ಷ ಎಂ.ಎಸ್.ಡಬ್ಲ್ಯು. ಓದಿದರೆ ಏಳು ವರ್ಷ. ಬಿ.ಎಸ್.ಡಬ್ಲ್ಯು. ಮೂರು, ಎಂ.ಎಸ್.ಡಬ್ಲ್ಯು. ಎರಡು, ಎಲ್‌ಎಲ್.ಬಿ. ಮೂರು ಎಂದು ಬೇರೆಬೇರೆಯಾಗಿ ಓದಿದರೆ ಎಂಟು. (ನಮ್ಮ ರಾಜ್ಯವು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಈ ಲೆಕ್ಕ.) ಒಂದು ವರ್ಷ ಉಳಿಯುತ್ತದೆಂದು ತಂದೆಗೆ ಸಂತೋಷವಾಯಿತು.

ಆದರೆ ಪೋಷಕರೇ, ನಮ್ಮ ಮನೆಗಳ ವಾಸ್ತವವನ್ನು ಮರೆಯಬಾರದು. ಮೂರನೆಯ ವರ್ಷದಲ್ಲಿ ಒಳ್ಳೆಯ ಸಂಬಂಧ ಬರುತ್ತದೆ, ಇಲ್ಲವೇ ಗಲ್ಫ್‌ನಲ್ಲಿರುವ ಅಣ್ಣನ ಕೆಲಸ ಹೋಗುತ್ತದೆ. ಮೊದಲು ನಿಲ್ಲುವುದು ಹೆಣ್ಣು ಮಗಳ ಓದು. ಐದು ವರ್ಷದ ಕಾನೂನು ಪದವಿಯನ್ನು ನಡುವೆ ಬಿಟ್ಟವಳಿಗೆ ಬಿ.ಎ. ಕೂಡ ದಕ್ಕುವುದಿಲ್ಲ, ಜೋಡಿ ಪದವಿಯನ್ನು ಒಡೆದು ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಬೇರೆಬೇರೆಯಾಗಿ ಓದಿದವಳ ಕೈಯಲ್ಲಾದರೋ ಮೂರು ವರ್ಷಕ್ಕೊಂದು, ಐದು ವರ್ಷಕ್ಕೆ ಇನ್ನೊಂದು ಪ್ರಮಾಣಪತ್ರವಿರುತ್ತದೆ. ಅಲ್ಲಿಂದ ಕೆಲಸಕ್ಕೂ ಸೇರಬಹುದು, ಮದುವೆಯ ನಂತರ ಎಲ್‌ಎಲ್.ಬಿ.ಯನ್ನೂ ಓದಬಹುದು. ಆ ಒಂದು ವರ್ಷವನ್ನು ನಷ್ಟವೆಂದು ನಾನು ಎಣಿಸುವುದಿಲ್ಲ. ಓದು ನಿಲ್ಲಿಸುವುದಿಲ್ಲವೆಂಬ ದೃಢ ಭರವಸೆಯುಳ್ಳ ಮನೆಯಾದರೆ ಐದು ವರ್ಷದ ದಾರಿ ಖಂಡಿತ ಒಳ್ಳೆಯದು. ಅಂತಹ ಮನೆಗಳೆಷ್ಟು?

ಕೆಲಸವಿದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ. 2015ರ ಬಾಲ ನ್ಯಾಯ ಕಾಯ್ದೆಯಂತೆ ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಂದಿಗೆ ಇಬ್ಬರು ಸಮಾಜ ಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಲೇಬೇಕು. ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷ ದುಡಿದ ಅನುಭವಕ್ಕೆ ಅಲ್ಲಿ ಮನ್ನಣೆಯಿದೆ. ನಮ್ಮ ಹುಡುಗರ ಹಣೆಬರಹ ನಿರ್ಧಾರವಾಗುವ ಆ ಕುರ್ಚಿಗಳಿಗೆ ನಾವು ಯಾರನ್ನು ಸಿದ್ಧಪಡಿಸಿದ್ದೇವೆ? ಮಕ್ಕಾದ ಪೀಡಿತರ ಪರವಾದ ಹಿಲ್ಫುಲ್ ಫುಝೂಲ್ ಒಪ್ಪಂದದಲ್ಲಿ ಪ್ರವಾದಿ(ಸ)ಯವರು ಪ್ರವಾದಿತ್ವಕ್ಕೆ ಮೊದಲೇ ಭಾಗವಹಿಸಿದ್ದರೆಂದು ಮಿಂಬರ್‌ನಲ್ಲಿ ಹೇಳುತ್ತೇವೆ. ಝಕಾತ್ ಸಂಗ್ರಹಿಸುತ್ತೇವೆ. ಅದನ್ನು ಪಡೆಯುವ ಕುಟುಂಬದ ಸ್ಥಿತಿಯನ್ನು ಅಧ್ಯಯನ ಮಾಡಿ ವರದಿ ಬರೆಯಬಲ್ಲವರು ನಮ್ಮಲ್ಲಿ ವಿರಳ.

ಆ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಮಗಳೇ ಮಾತು ತೆಗೆದಳು: “ಅಬ್ಬಾ, ಬಿ.ಎಸ್.ಡಬ್ಲ್ಯು. ಅರ್ಜಿಗೆ ಕೊನೆಯ ದಿನಾಂಕ ಶನಿವಾರ.”