ಕನಸಿನ ಹಾವು ಮತ್ತು ಎಚ್ಚರದ ವಿಷ

(ಜುಮಾ ಪ್ರವಚನದ ಸಾರಾಂಶ, ಆಟೋ ನಗರ, ಬೆಳಗಾವಿ)

ಸರ್ವ ಸ್ತುತಿಯೂ ಅಲ್ಲಾಹನಿಗೆ ಮೀಸಲು. ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ ಮತ್ತು ಸಹಾಬಿಗಳ ಮೇಲೆ ಅವನ ಕೃಪೆ ಹಾಗೂ ಶಾಂತಿ ಇರಲಿ.



ನಮಾಝ್ ಮುಗಿದ ಮೇಲೆ ಕೆಲವರು ಹತ್ತಿರ ಬಂದು ಮೆಲುದನಿಯಲ್ಲಿ ಕೇಳುವ ಒಂದು ಪ್ರಶ್ನೆಯಿದೆ: "ಹಝ್ರತ್, ಕನಸಿನಲ್ಲಿ ಮತ್ತೆ ಮತ್ತೆ ವಿಷದ ಹಾವು ಬರುತ್ತದೆ. ಒಮ್ಮೆ ಬೆನ್ನಟ್ಟುತ್ತದೆ, ಒಮ್ಮೆ ಹಾಸಿಗೆಯಲ್ಲೇ ಇರುತ್ತದೆ. ಇದರ ತಾಬೀರ್ ಏನು? ಯಾರಾದರೂ ನಮ್ಮ ಮೇಲೆ ಏನಾದರೂ ಮಾಡಿಸಿದ್ದಾರೆಯೇ?" ಕನಸಿನ ಅರ್ಥ ಕೇಳುವುದು ತಪ್ಪಲ್ಲ. ಆದರೆ ಆ ಕೊನೆಯ ಪ್ರಶ್ನೆ ನನಗೆ ಕನಸಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಹೀಗೆ ಕೇಳುವವರ ಮನಸ್ಸಿನಲ್ಲಿ ಆಗಲೇ ಯಾರದೋ ಮುಖ ಮೂಡಿರುತ್ತದೆ. ಅದು ಅತ್ತಿಗೆಯದೋ, ಅಣ್ಣನದೋ, ಪಕ್ಕದ ಗ್ಯಾರೇಜಿನವನದೋ ಇರಬಹುದು.

ಮೊದಲು ದೀನ್ ಏನು ಹೇಳುತ್ತದೆ ಎಂದು ನೋಡೋಣ. ಕನಸುಗಳಲ್ಲಿ ಮೂರು ಬಗೆಗಳಿವೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಒಂದು, ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ. ಎರಡು, ಮನುಷ್ಯನನ್ನು ದುಃಖಕ್ಕೀಡು ಮಾಡಲು ಶೈತಾನನು ತೋರಿಸುವ ಕನಸು. ಮೂರು, ಮನುಷ್ಯನ ಮನಸ್ಸು ಹಗಲಲ್ಲಿ ತನ್ನೊಂದಿಗೆ ತಾನೇ ಆಡಿಕೊಂಡ ಮಾತು ರಾತ್ರಿ ರೂಪ ತಾಳಿ ಬರುವುದು. ನಡುರಾತ್ರಿ ಬೆವರಿ ಎಬ್ಬಿಸುವ ಹಾವಿನ ಕನಸನ್ನು ಶುಭವಾರ್ತೆ ಎಂದು ಯಾರೂ ಹೇಳುವುದಿಲ್ಲ. ಅದು ಎರಡನೆಯದು ಅಥವಾ ಮೂರನೆಯದು. ಎರಡಕ್ಕೂ ನಮಗೆ ದಾರಿ ತೋರಿಸಲಾಗಿದೆ.

ತಾಬಿಈ ಅಬೂ ಸಲಮಾ ಅವರನ್ನು ಕೆಟ್ಟ ಕನಸುಗಳು ಬಹಳ ಕಾಡುತ್ತಿದ್ದವು. ಅವುಗಳಿಂದ ಮೈ ಕೆಡುತ್ತಿತ್ತು, ಬೆಟ್ಟಕ್ಕಿಂತ ಭಾರ ಎನಿಸುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಅವರು ಸಹಾಬಿ ಅಬೂ ಖತಾದಾ(ರ)ರನ್ನು ಕಂಡರು. ತನಗೂ ಹಾಗೆಯೇ ಆಗುತ್ತಿತ್ತು ಎಂದ ಆ ಸಹಾಬಿ, ಪ್ರವಾದಿ(ಸ)ರಿಂದ ಕೇಳಿದ್ದನ್ನು ತಿಳಿಸಿದರು. ಆ ಬಳಿಕ ಅಬೂ ಸಲಮಾ ಅವರಿಗೆ ಕನಸಿನ ಚಿಂತೆಯೇ ಉಳಿಯಲಿಲ್ಲ. ಗಮನಿಸಿ, ಕಾಡುವ ಕನಸು ಈಮಾನ್ ಕಡಿಮೆಯಾದುದರ ಗುರುತಲ್ಲ. ಒಬ್ಬ ಸಹಾಬಿಯನ್ನೂ ಅದು ಕಾಡಿದೆ.

ಆ ಚಿಕಿತ್ಸೆಗೆ ಒಂದು ಪೈಸೆಯ ಖರ್ಚೂ ಇಲ್ಲ. ಎಡಕ್ಕೆ ಮೂರು ಬಾರಿ ಮೆಲ್ಲಗೆ ಉಗುಳಿ. ಶೈತಾನನಿಂದ ಮತ್ತು ಕಂಡ ಕೆಡುಕಿನಿಂದ ಅಲ್ಲಾಹನ ಅಭಯ ಬೇಡಿ. ಮಗ್ಗುಲು ಬದಲಿಸಿ. ಸಾಧ್ಯವಾದರೆ ಎದ್ದು ನಮಾಝ್ ಮಾಡಿ. ಅದನ್ನು ಯಾರಿಗೂ ಹೇಳಬೇಡಿ. ಇಷ್ಟು ಮಾಡಿದವನಿಗೆ ಆ ಕನಸು ಹಾನಿ ಮಾಡದು ಎಂಬ ಭರವಸೆಯನ್ನು ಪ್ರವಾದಿ(ಸ)ರೇ ನೀಡಿದ್ದಾರೆ. ತನ್ನ ತಲೆ ಕಡಿದು ಉರುಳಿಹೋದಂತೆ, ತಾನು ಅದರ ಹಿಂದೆ ಓಡಿದಂತೆ ಕನಸು ಕಂಡ ಒಬ್ಬ ವ್ಯಕ್ತಿ ಅವರ ಬಳಿ ಬಂದಿದ್ದ. ಪ್ರವಾದಿ(ಸ) ಅದಕ್ಕೆ ತಾಬೀರ್ ಹೇಳಲೇ ಇಲ್ಲ. ನಿದ್ದೆಯಲ್ಲಿ ಶೈತಾನನು ಆಡಿದ ಆಟವನ್ನು ಜನರ ಮುಂದೆ ಹೇಳಿಕೊಂಡು ತಿರುಗಬೇಡ ಎಂದು ತಿಳಿಹೇಳಿದರು.

ನಾವು ಇದರ ತದ್ವಿರುದ್ಧ ಮಾಡುತ್ತೇವೆ. ಬೆಳಗಾಗುತ್ತಲೇ ಚಹಾದಂಗಡಿಯಲ್ಲಿ ಹೇಳುತ್ತೇವೆ. ಒಬ್ಬ, "ಹಾವು ಅಂದರೆ ದುಷ್ಮನ್" ಅನ್ನುತ್ತಾನೆ. ಇನ್ನೊಬ್ಬ, "ಮನೆಯೊಳಗೆ ಕಂಡರೆ ಮನೆಯವರೇ ದುಷ್ಮನ್" ಅನ್ನುತ್ತಾನೆ. ಮೂರನೆಯವನು ಮೊಬೈಲ್ ತೆಗೆದು, "ಇಬ್ನು ಸೀರೀನ್ ಹೀಗೆ ಬರೆದಿದ್ದಾರೆ" ಎಂದು ತೋರಿಸುತ್ತಾನೆ. ಸಹೋದರರೇ, ಹಿಜರಿ 110ರಲ್ಲಿ ತೀರಿಕೊಂಡ ಬಸ್ರಾದ ಇಮಾಮ್ ಇಬ್ನು ಸೀರೀನ್ ಕನಸಿನ ಅರ್ಥ ಹೇಳುವುದರಲ್ಲಿ ನಿಪುಣರಾಗಿದ್ದರು. ಆದರೆ ಅವರ ಹೆಸರಿನಲ್ಲಿ ಮಾರಾಟವಾಗುವ ತಾಬೀರ್ ಪುಸ್ತಕ ಅವರು ಬರೆದದ್ದಲ್ಲ ಎಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಅವರ ಬಗ್ಗೆ ಹೇಳಲಾಗುವ ಒಂದು ಪ್ರಸಂಗ ಹೀಗಿದೆ: ಇಬ್ಬರು ಬಂದು, ತಾವು ಅಝಾನ್ ಕೊಟ್ಟಂತೆ ಕನಸು ಕಂಡೆವು ಎಂದರು. ಅವರು ಒಬ್ಬನಿಗೆ ಹಜ್ ಮಾಡುವೆ ಎಂದೂ, ಇನ್ನೊಬ್ಬನಿಗೆ ಕಳ್ಳತನದಲ್ಲಿ ಸಿಕ್ಕಿಬೀಳುವೆ ಎಂದೂ ಹೇಳಿದರಂತೆ. ಕನಸು ಒಂದೇ, ಕಂಡವರು ಬೇರೆ, ಅರ್ಥವೂ ಬೇರೆ. ಹೀಗಿರುವಾಗ ಹಾವಿಗೆ ಇಂಥದ್ದೇ ಅರ್ಥ ಎಂದು ಪಟ್ಟಿ ನೋಡಿ ಹೇಳುವುದು ಹೇಗೆ?

ಆ ಪಟ್ಟಿಯಿಂದ ಆಗುವ ಅನಾಹುತ ಸಣ್ಣದಲ್ಲ. "ಮನೆಯವರೇ ದುಷ್ಮನ್" ಎಂಬ ಒಂದು ಮಾತಿನಿಂದ ಅಣ್ಣ ತಮ್ಮಂದಿರು ಮಾತು ಬಿಡುತ್ತಾರೆ. ಸೊಸೆ ಮಾಡಿದ ಅಡುಗೆ ಉಣ್ಣಲು ಅತ್ತೆ ಹೆದರುತ್ತಾಳೆ. ಬಳಿಕ ಯಾರೋ ಒಬ್ಬರು ನಿಂಬೆಹಣ್ಣು, ದಾರ, ತಾವೀಜ್ ಎಂದು ದುಡ್ಡು ಎಣಿಸಿಕೊಳ್ಳುತ್ತಾರೆ. ಅತಿಯಾದ ಗುಮಾನಿಯಿಂದ ದೂರವಿರಿ, ಕೆಲವು ಗುಮಾನಿಗಳು ಪಾಪ ಎಂದು ಸೂರಃ ಹುಜುರಾತ್‌ನಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಭವಿಷ್ಯ ಹೇಳುವವನ ಬಳಿಗೆ ಹೋಗಿ ಕೇಳಿದವನ ನಲವತ್ತು ದಿನಗಳ ನಮಾಝ್ ಸ್ವೀಕೃತವಾಗದು ಎಂದು ಸಹೀಹ್ ಮುಸ್ಲಿಮ್‌ನ ಹದೀಸ್‌ನಲ್ಲಿದೆ. ಕನಸನ್ನು ಸಾಕ್ಷಿಯಾಗಿಟ್ಟು ಯಾವ ಖಾಝಿಯೂ ತೀರ್ಪು ಕೊಡುವುದಿಲ್ಲ. ನಾವು ಮಾತ್ರ ಅದೇ ಸಾಕ್ಷಿಯ ಮೇಲೆ ಒಡಹುಟ್ಟಿದವರನ್ನು ಅಪರಾಧಿ ಮಾಡುತ್ತೇವೆ. ಕನಸಿನ ಹಾವು ಯಾರನ್ನೂ ಕಚ್ಚಲಿಲ್ಲ. ಎಚ್ಚರವಾದ ಮೇಲೆ ನಾಲಗೆಯಿಂದ ಹರಿದ ವಿಷ ಒಂದು ಮನೆಯನ್ನೇ ಮುರಿಯಿತು.

ಇನ್ನು ಮೂರನೆಯ ಬಗೆಗೆ, ಅಂದರೆ ಮನಸ್ಸಿನ ಮಾತಿಗೆ ಬರೋಣ. ಅದೇ ಕನಸು ವಾರಗಟ್ಟಲೆ ಮರುಕಳಿಸುತ್ತಿದ್ದರೆ, ಎಚ್ಚರದಲ್ಲಿ ನನ್ನನ್ನು ಅಟ್ಟುತ್ತಿರುವುದು ಏನು ಎಂದು ಕೇಳಿಕೊಳ್ಳಿ. ಈ ಆಟೋ ನಗರದಲ್ಲಿ ಲೇತ್ ಮುಂದೆ ನಿಲ್ಲುವವರು, ಲಾರಿ ಓಡಿಸುವವರು, ವೆಲ್ಡಿಂಗ್ ಮಾಡುವವರು ನಿದ್ದೆಗೆಟ್ಟು ದುಡಿಯುತ್ತಾರೆ. ಬಡ್ಡಿ ಸಾಲದ ಕಂತಿನ ದಿನ ಹತ್ತಿರ ಬಂದಾಗ ಎದೆ ಹೊಡೆದುಕೊಳ್ಳುವುದು ನಮಗೆ ಗೊತ್ತು. ತಂಗಿಯ ವಿರಾಸತ್ ಪಾಲು ಇನ್ನೂ ನನ್ನ ಕೈಯಲ್ಲೇ ಇದೆಯೇ? ಕೂಲಿಯವನ ಕೂಲಿ ಬಾಕಿ ಇದೆಯೇ? ಝಕಾತ್ ಕೊಡದ ಸಂಪತ್ತು ಕಿಯಾಮತ್ ದಿನ ವಿಷಸರ್ಪವಾಗಿ ಕುತ್ತಿಗೆಗೆ ಸುತ್ತಿಕೊಳ್ಳುವುದೆಂಬ ಎಚ್ಚರಿಕೆ ಬುಖಾರಿಯಲ್ಲಿದೆ. ನಿಮ್ಮ ಕನಸಿನ ಹಾವು ಅದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಲೆಕ್ಕ ಸರಿಮಾಡಿಕೊಳ್ಳಲು ಕನಸು ಒಂದು ನೆಪವಾದರೆ ನಷ್ಟವೇನೂ ಇಲ್ಲ.

ಕನಸಿಗೆ ದೇಹದ ಕಾರಣವೂ ಇರಬಹುದು. ನಿದ್ದೆಯ ಕೊರತೆ, ಜ್ವರ, ರಕ್ತದೊತ್ತಡದ ಕೆಲವು ಔಷಧಗಳು, ಬಿಡಲಾಗದ ನಶೆ ಇವೆಲ್ಲ ಕೆಟ್ಟ ಕನಸು ತರುತ್ತವೆ. ಹಿಂದೆಂದೋ ಹಾವು ಕಚ್ಚಿ ಬದುಕಿ ಬಂದವರಿಗೆ, ಕಚ್ಚಿಸಿಕೊಂಡು ತೀರಿಹೋದವರನ್ನು ಕಣ್ಣಾರೆ ಕಂಡವರಿಗೆ, ಆ ಭಯ ವರ್ಷಗಳ ನಂತರವೂ ನಿದ್ದೆಯಲ್ಲಿ ಮರಳುತ್ತದೆ. ಅದು ಜಾದೂ ಅಲ್ಲ, ಮನಸ್ಸಿನ ಗಾಯ. ಕನಸನ್ನು ಹಗಲಲ್ಲಿ ಬರೆದು, ಅದರ ಕೊನೆಯನ್ನು ಬೇರೆಯಾಗಿ ಕಲ್ಪಿಸಿ, ದಿನವೂ ಅದನ್ನೇ ಮನಸ್ಸಿಗೆ ತಂದುಕೊಳ್ಳುವ ಒಂದು ಚಿಕಿತ್ಸೆಯನ್ನು ಮನೋವೈದ್ಯರು ಬಳಸುತ್ತಾರೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆ. ವೈದ್ಯರಲ್ಲಿ ಹೇಳಿಕೊಳ್ಳುವುದು ಕನಸನ್ನು ಸಾರುತ್ತಾ ತಿರುಗಿದಂತಲ್ಲ.

ನಿಜವಾದ ಹಾವಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಏಕೆಂದರೆ ಕನಸಿನ ಹಾವಿಗೆ ಹೆದರುವ ನಾವು ನಿಜವಾದ ಹಾವಿನ ವಿಷಯದಲ್ಲಿ ಅಜಾಗರೂಕರು. ನಮ್ಮಲ್ಲಿ ಎಷ್ಟೋ ಮಂದಿಯ ಮನೆ, ಹೊಲ, ನೆಂಟರು ಖಾನಾಪುರದ ಕಡೆ ಇದ್ದಾರೆ. ಅಲ್ಲಿ ಭೀಮಗಡದ ಕಾಡಿದೆ, ಭತ್ತದ ಗದ್ದೆಗಳಿವೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೇ ನಮ್ಮ ದೇಶದಲ್ಲಿ ಹೆಚ್ಚು ಜನರ ಜೀವ ತೆಗೆಯುತ್ತವೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರೆಂದು ಅಂದಾಜಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಎಷ್ಟು ಕಡಿಮೆಯೆಂದರೆ ಎಷ್ಟೋ ಸಲ ಎಚ್ಚರವೇ ಆಗುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಬರುತ್ತದೆ, ರೆಪ್ಪೆಗಳು ಜೋಲುತ್ತವೆ, ಬಳಿಕ ಉಸಿರು ಕಟ್ಟುತ್ತದೆ.

ಮಲಗುವ ಮುನ್ನ ಹಾಸಿಗೆಯನ್ನು ಕೊಡವಿಕೊಳ್ಳಿ, ನೀವು ಎದ್ದುಹೋದ ಮೇಲೆ ಅಲ್ಲಿಗೆ ಏನು ಬಂದಿದೆಯೋ ತಿಳಿಯದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಸುನ್ನತ್ ಎಷ್ಟು ಜೀವ ಉಳಿಸಬಲ್ಲದು ಯೋಚಿಸಿ. ಗ್ಯಾರೇಜಿನ ನೆಲದ ಮೇಲೆ ಮಲಗುವ ಹುಡುಗರಿಗೆ ಮಂಚ, ಸೊಳ್ಳೆಪರದೆ ಕೊಡಿಸುವುದು ಮಾಲೀಕರ ಹೊಣೆ. ಹಳೆ ಟಯರ್, ಗುಜರಿ ರಾಶಿಗೆ ಬರಿಗೈ ಹಾಕಬೇಡಿ. ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೊಂದೇ ಮದ್ದು. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕು. ಚೇಳು ಕುಟುಕಿದವನ ಮೇಲೆ ಸಹಾಬಿಗಳು ಫಾತಿಹಾ ಓದಿದ್ದು ನಿಜ. ನೀವೂ ಓದಿ, ಆದರೆ ಆ್ಯಂಬುಲೆನ್ಸ್‌ನಲ್ಲಿ ಕುಳಿತು ಓದಿ.

ಸಹೋದರರೇ, ಮೂಸಾ(ಅ)ರ ಕೋಲು ಹಾವಾದಾಗ ಅವರೂ ಹೆದರಿ ಹಿಂದಿರುಗಿ ಓಡಿದರು. ಅಲ್ಲಾಹನು ಅವರನ್ನು ಗದರಲಿಲ್ಲ. ಹೆದರಬೇಡ ಎಂದು ಧೈರ್ಯ ತುಂಬಿ, ಅದನ್ನು ಹಿಡಿಯಲು ಹೇಳಿದ. ಹಿಡಿದಾಗ ಅದು ಮತ್ತೆ ಕೋಲಾಯಿತು. ಭಯ ಪಾಪವಲ್ಲ. ಭಯದಲ್ಲಿ ಯಾರ ಕಡೆಗೆ ಓಡುತ್ತೇವೆ ಎಂಬುದೇ ಪ್ರಶ್ನೆ. ಇಂದು ರಾತ್ರಿ ಹಾಸಿಗೆ ಕೊಡವಿ, ಆಯತುಲ್ ಕುರ್ಸಿ ಓದಿ ಮಲಗಿ. ಕನಸಿನ ಕಾರಣಕ್ಕೆ ಯಾರೊಂದಿಗಾದರೂ ಮಾತು ಬಿಟ್ಟಿದ್ದರೆ, ಮಲಗುವ ಮೊದಲು ಅವರಿಗೊಂದು ಸಲಾಮ್ ಹೇಳಿ.

ಅಲ್ಲಾಹನು ನಮ್ಮ ನಿದ್ದೆಗೆ ನೆಮ್ಮದಿಯನ್ನೂ, ನಮ್ಮ ಮನೆಗಳಿಗೆ ಪರಸ್ಪರ ವಿಶ್ವಾಸವನ್ನೂ ದಯಪಾಲಿಸಲಿ. ಆಮೀನ್.